ಒದ್ದೆ ಮಣ್ಣಿಗೆ ಒಗ್ಗುವ ಹೂಗಿಡ

ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಎದ್ದು, ಕಾರಿಗೆ ಜಾಗ ಬಿಟ್ಟು, ಸಂಪು ತೋಡಿ ಮುಗಿಸಿದ ಮೇಲೆ ರಾಜಾಜಿನಗರದಲ್ಲಾಗಲಿ ವಿಜಯನಗರದಲ್ಲಾಗಲಿ ಗಿಡಕ್ಕೆಂದು ಉಳಿಯುವುದು ಕಾಂಪೌಂಡಿಗೆ ಅಂಟಿಕೊಂಡ ಎರಡು ಮೂರು ಅಡಿ ಅಗಲದ ಮಣ್ಣಿನ ಪಟ್ಟಿ. ಆ ಪಟ್ಟಿಯಲ್ಲೂ ಒಂದು ಮೂಲೆ ಆರುವುದೇ ಇಲ್ಲ ಎನ್ನಿಸುತ್ತದೆ. ಓವರ್‌ಹೆಡ್ ಟ್ಯಾಂಕ್ ತುಂಬಿ ಚೆಲ್ಲುವ ಪೈಪಿನ ಕೆಳಗೆ, ಬಟ್ಟೆ ಒಗೆಯುವ ಕಲ್ಲಿನ ಮಗ್ಗುಲಲ್ಲಿ, ತಾರಸಿಯ ಮಳೆನೀರು ಇಳಿಯುವಲ್ಲಿ ಇಂಥದೊಂದು ಜಾಗ ಇದ್ದೇ ಇರುತ್ತದೆ. ಅಲ್ಲಿ ಮಲ್ಲಿಗೆ ನೆಟ್ಟರೆ ಎಲೆ ಹಳದಿಗಟ್ಟುತ್ತದೆ, ಕನಕಾಂಬರ ನಿಂತಲ್ಲೇ ಸೊರಗುತ್ತದೆ, ಗುಲಾಬಿ ಒಂದು ಮಳೆಗಾಲ ದಾಟುವುದು ಕಷ್ಟ. ಮೂರನೆಯ ಗಿಡವೂ ಸತ್ತ ಮೇಲೆ ಮನೆಯವರು ಮಣ್ಣನ್ನು ಬೈದು ಕಾಂಕ್ರೀಟ್ ಹಾಕಿಸಿಬಿಡುತ್ತಾರೆ. ಹಾಗೆ ಮಾಡಬೇಕಾದ ಅಗತ್ಯವಿಲ್ಲ. ಬೆಂಗಳೂರಿನ ಒದ್ದೆ ಮೂಲೆ ಒಂದು ಕಾಲದಲ್ಲಿ ಕೆಸರು, ಇನ್ನೊಂದು ಕಾಲದಲ್ಲಿ ಒಣಮಣ್ಣು. ಈ ಎರಡನ್ನೂ ತಾಳಿಕೊಳ್ಳಬಲ್ಲದ್ದು ನೆಲದೊಳಗೆ ಗೆಡ್ಡೆ ಇಟ್ಟುಕೊಂಡ ಬಹುವಾರ್ಷಿಕ ಹೂಗಿಡ. ಬಿಸಿಲಿರುವಲ್ಲಿ ಕ್ಯಾನಾ, ಅರೆನೆರಳಿರುವಲ್ಲಿ ಸುಗಂಧಿ ಎಂಬ ತೀರ್ಮಾನಕ್ಕೆ ಬರಲು ಕಾರಣಗಳಿವೆ. ಅದಕ್ಕೆ ಎದುರಾಗುವ ಆಕ್ಷೇಪಗಳೂ ಇವೆ.

ಒದ್ದೆ ನೆಲದಲ್ಲಿ ಗಿಡ ಸಾಯಲು ಕಾರಣ ಗಾಳಿಯ ಕೊರತೆ. ಎಲೆಯಂತೆ ಬೇರೂ ಉಸಿರಾಡುತ್ತದೆ. ಅದಕ್ಕೆ ಬೇಕಾದ ಆಮ್ಲಜನಕ ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿರುತ್ತದೆ. ಆ ಸಂದುಗಳಿಗೆ ನೀರು ತುಂಬಿಕೊಂಡರೆ ಗಾಳಿ ಹೊರಬೀಳುತ್ತದೆ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುವುದರಿಂದ, ಒಮ್ಮೆ ಖರ್ಚಾದದ್ದು ಬೇಗ ಮರಳಿ ಸಿಗುವುದಿಲ್ಲ. ಬೇರಿನ ತುದಿಗಳು ಮೊದಲು ಸಾಯುತ್ತವೆ. ಅದರ ಬೆನ್ನಿಗೇ ಪಿಥಿಯಂ, ಫೈಟೊಫ್ತೊರಾದಂಥ ಕೊಳೆರೋಗದ ಜೀವಿಗಳು ಬರುತ್ತವೆ; ಇವುಗಳ ಬೀಜಕಣಗಳು ಮಣ್ಣಿನ ನೀರಿನಲ್ಲಿ ಈಜಿಕೊಂಡೇ ಬೇರನ್ನು ತಲುಪುತ್ತವೆ. ಬೇರು ಕೊಳೆತ ಗಿಡ ಮಧ್ಯಾಹ್ನದ ಹೊತ್ತಿಗೆ ಎಲೆ ಜೋಲು ಬಿಡುತ್ತದೆ. ನೋಡಿದವರು ಬಾಯಾರಿದೆ ಎಂದುಕೊಂಡು ಇನ್ನೊಂದು ಬಕೆಟ್ ನೀರು ಸುರಿಯುತ್ತಾರೆ. ಅಂಥ ಗಿಡವನ್ನು ಕಿತ್ತು ನೋಡಿದರೆ ನಿಜ ಗೊತ್ತಾಗುತ್ತದೆ. ಆರೋಗ್ಯವಾಗಿದ್ದ ಬೇರು ಬೆಳ್ಳಗೆ, ಗಟ್ಟಿಯಾಗಿ ಇರುತ್ತದೆ. ಕೊಳೆತ ಬೇರು ಕಂದುಬಣ್ಣಕ್ಕೆ ತಿರುಗಿರುತ್ತದೆ. ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕಳಚಿ ಬಂದು ಒಳಗಿನ ನಾರೊಂದೇ ದಾರದ ಹಾಗೆ ಉಳಿಯುತ್ತದೆ.

ನಗರದ ಪಶ್ಚಿಮ ಭಾಗದ ನೆಲಕ್ಕೆ ತನ್ನದೇ ಒಂದು ಸ್ವಭಾವವಿದೆ. ಬೆಂಗಳೂರು ದಿಣ್ಣೆಯ ಮೇಲಿನ ಊರು. ಪೂರ್ವದ ಇಳಿಜಾರಿನ ನೀರು ದಕ್ಷಿಣ ಪಿನಾಕಿನಿಯ ಕಡೆ ಹೋದರೆ, ಪಶ್ಚಿಮದ್ದು ವೃಷಭಾವತಿಗೆ ಇಳಿಯುತ್ತದೆ. ಆ ಹೊಳೆ ಗಾಳಿ ಆಂಜನೇಯ ದೇವಸ್ಥಾನದ ಬಳಿ ಹಾದು, ಮೈಸೂರು ರಸ್ತೆಯ ಮಗ್ಗುಲಲ್ಲೇ ಕೆಂಗೇರಿಯ ಕಡೆ ಸಾಗಿ, ಮುಂದೆ ಅರ್ಕಾವತಿಯನ್ನು ಕೂಡಿಕೊಳ್ಳುತ್ತದೆ. 1949ರಲ್ಲಿ ಅಡಿಗಲ್ಲು ಬಿದ್ದ ರಾಜಾಜಿನಗರದಿಂದ ಹಿಡಿದು ಆಮೇಲೆ ಬೆಳೆದ ಬಸವೇಶ್ವರನಗರ, ನಾಗರಬಾವಿ, ಕೆಂಗೇರಿ ಉಪನಗರದವರೆಗೆ ಬಡಾವಣೆಗಳು ಹಬ್ಬಿದ್ದು ಈ ಇಳಿಜಾರಿನ ಹೊಲ, ತೋಪು, ಕೆರೆಯ ಆಸುಪಾಸಿನ ನೆಲದ ಮೇಲೆ. ತಗ್ಗಿನ ಸೈಟುಗಳಲ್ಲಿ ನೀರು ನಿಲ್ಲುವುದು ಸಹಜ. ಎತ್ತರದ ಸೈಟುಗಳಲ್ಲೂ ನಿಲ್ಲಲು ಕಾರಣ ಬೇರೆ. ಮನೆಯ ಸುತ್ತ ಇರುವುದು ಹೆಚ್ಚಾಗಿ ಮೂಲದ ಕೆಂಪುಮಣ್ಣಲ್ಲ. ಪಾಯ ತೆಗೆದ ಮಣ್ಣು, ಇಟ್ಟಿಗೆ ಚೂರು, ಜಲ್ಲಿ, ಸಿಮೆಂಟಿನ ಹೆಂಟೆ ಬೆರೆತು, ಲಾರಿ ಜೆಸಿಬಿಗಳ ಭಾರಕ್ಕೆ ಗಟ್ಟಿಯಾದ ಭರ್ತಿ. ಅದರ ಮೇಲೆ ನಾಲ್ಕು ಅಂಗುಲ ತೋಟದ ಮಣ್ಣು ಹರಡಿರುತ್ತಾರೆ. ಮಳೆ ಬಂದಾಗ ಆ ನಾಲ್ಕು ಅಂಗುಲ ತೊಯ್ದು, ಕೆಳಗಿನ ಗಟ್ಟಿ ಪದರದ ಮೇಲೆ ನೀರು ನಿಲ್ಲುತ್ತದೆ.

ಮಳೆಯ ಲೆಕ್ಕವನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಬೆಂಗಳೂರಿಗೆ ವರ್ಷಕ್ಕೆ ಸರಿಸುಮಾರು 1000 ಮಿಲಿಮೀಟರ್ ಮಳೆ. ಅದು ಮೇ ತಿಂಗಳಲ್ಲೊಮ್ಮೆ ಏರಿ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೂ ಹೆಚ್ಚು ಏರುತ್ತದೆ. ಜನವರಿ, ಫೆಬ್ರವರಿಯಲ್ಲಿ ಬಹುಪಾಲು ಇಲ್ಲವೇ ಇಲ್ಲ. ಹಾಗಾಗಿ ಸೆಪ್ಟೆಂಬರ್‌ನಲ್ಲಿ ಕಾಲು ಹೂತುಹೋಗುವ ಮೂಲೆಯೇ ಮಾರ್ಚ್‌ನಲ್ಲಿ ಬಿರುಕು ಬಿಟ್ಟಿರುತ್ತದೆ. ಹೊರದೇಶದ ತೋಟಗಾರಿಕೆ ಪುಸ್ತಕಗಳು ಒದ್ದೆ ಮಣ್ಣಿಗೆಂದು ಹೇಳುವ ಆಸ್ಟಿಲ್ಬೆ, ಜಪಾನಿ ಐರಿಸ್‌ನಂಥ ಗಿಡಗಳು ನಮ್ಮಲ್ಲಿ ನಡೆಯದಿರುವುದು ಇದಕ್ಕೇ. ಅವುಗಳಿಗೆ ಚಳಿಗಾಲದ ನಿದ್ದೆ ಬೇಕು, ಬೇಸಿಗೆಯಲ್ಲಿ ಮಣ್ಣು ತಂಪಾಗಿ ಹಸಿಯಾಗಿ ಇರಬೇಕು. ನಮ್ಮಲ್ಲಿ ಬಿಸಿಲು ಏರುವ ಹೊತ್ತಿಗೇ ಮಣ್ಣು ಒಣಗಿರುತ್ತದೆ. ಗಿಡವನ್ನು ಆರಿಸುವಾಗ ಮಣ್ಣು ಎಷ್ಟು ಒದ್ದೆ ಎಂಬುದರ ಜೊತೆಗೆ ಯಾವ ತಿಂಗಳಲ್ಲಿ ಒದ್ದೆ ಎಂಬುದನ್ನೂ ಕೇಳಿಕೊಳ್ಳಬೇಕಾದ್ದು ಹೀಗಾಗಿ.

ಇದನ್ನು ತಿಳಿಯಲು ಲ್ಯಾಬಿಗೆ ಹೋಗಬೇಕಿಲ್ಲ. ಗಿಡ ನೆಡುವ ಜಾಗದಲ್ಲಿ ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೆಗೆದು ಬಾಯಿಮಟ್ಟ ನೀರು ತುಂಬಿಸಿ. ಅದು ಇಂಗಿದ ಮೇಲೆ ಎರಡನೆಯ ಸಲ ತುಂಬಿಸಿ, ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ನೋಡಿ. ಕೆಲವೇ ಗಂಟೆಗಳಲ್ಲಿ ಇಂಗಿದರೆ ಮಣ್ಣು ಬರೀ ಹಸಿ; ಅದು ಗಿಡಗಳಿಗೆ ವರವೇ ಸರಿ. ಮಾರನೆಯ ದಿನವೂ ನಿಂತಿದ್ದರೆ ಅದು ಜೌಗು. ಗುಂಡಿಯ ಗೋಡೆಯ ಮಣ್ಣು ಬೂದುಬಣ್ಣಕ್ಕೆ ತಿರುಗಿ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಅಲ್ಲಿ ಬಹುಕಾಲದಿಂದ ಗಾಳಿಯಾಡಿಲ್ಲ ಎಂದರ್ಥ. ಈ ಪರೀಕ್ಷೆಯನ್ನು ಸೆಪ್ಟೆಂಬರ್‌ನಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ ಮಾಡಿದರೆ ಮೂಲೆಯ ಪೂರ್ತಿ ಜಾತಕ ಸಿಗುತ್ತದೆ. ಮಾರ್ಚ್‌ನಲ್ಲೂ ಜೌಗಾಗಿಯೇ ಇದ್ದು, ಮೇಲಿನಿಂದ ಎಲ್ಲಿಯೂ ನೀರು ಬೀಳುತ್ತಿಲ್ಲವಾದರೆ ಸಂಪೋ ಒಳಚರಂಡಿಯ ಪೈಪೋ ಸೋರುತ್ತಿರಬಹುದು. ಆಗ ಕರೆಸಬೇಕಾದ್ದು ಪ್ಲಂಬರನ್ನು. ಗಿಡದ ಮಾತು ಆಮೇಲೆ.

ಹಸಿ ಜಾಗಕ್ಕೆ ಏನು ನೆಡಬೇಕೆಂಬುದು ನಮ್ಮ ಹಿತ್ತಲುಗಳಿಗೆ ಹೊಸ ಪ್ರಶ್ನೆಯೇನಲ್ಲ. ಬಚ್ಚಲ ನೀರು ಹೊರಬೀಳುವಲ್ಲಿ ಬಾಳೆ, ಅದರ ಬುಡಕ್ಕೆ ಕೆಸು ಎಂಬುದು ಹಳೆಯ ಏರ್ಪಾಡು. ದಿನವೂ ಬೀಳುವ ನೀರನ್ನು ಅಗಲವಾದ ಎಲೆಗಳ ಮೂಲಕ ಗಾಳಿಗೆ ಬಿಡುವ, ಬುಡದಲ್ಲಿ ಗೆಡ್ಡೆಯಿಟ್ಟು ಮರಿಯೊಡೆಯುವ ಗಿಡಗಳೇ ಅಲ್ಲಿಗೆ ಸರಿ ಎಂದು ಹಿರಿಯರು ಕಂಡುಕೊಂಡಿದ್ದರು. ಸಸ್ಯಶಾಸ್ತ್ರದಲ್ಲಿ ಬಾಳೆ, ಶುಂಠಿ, ಅರಿಸಿನ, ಕ್ಯಾನಾ, ಸುಗಂಧಿ, ಹೆಲಿಕೋನಿಯಾ ಎಲ್ಲವೂ ಒಂದೇ ಗಣಕ್ಕೆ ಸೇರುತ್ತವೆ. ನೀರಿದ್ದಾಗ ಹುಲುಸಾಗಿ ಬೆಳೆದು, ಇಲ್ಲದಾಗ ಮೇಲಿನದೆಲ್ಲ ಒಣಗಿದರೂ ಗೆಡ್ಡೆಯಲ್ಲಿ ಜೀವ ಹಿಡಿದು ಕೂರುವುದು ಇವುಗಳಲ್ಲಿ ಹಲವಕ್ಕೆ ಬಂದ ಗುಣ. ಆದರೆ ನೆಂಟಸ್ತಿಕೆಯೊಂದನ್ನೇ ನಂಬುವಂತಿಲ್ಲ. ಶುಂಠಿ ಬೆಳೆದವರನ್ನು ಕೇಳಿದರೆ, ಹೊಲದಲ್ಲಿ ನೀರು ನಿಂತರೆ ಗೆಡ್ಡೆ ಕೊಳೆತು ಬೆಳೆ ಕೈಬಿಡುತ್ತದೆ ಎನ್ನುತ್ತಾರೆ. ಬಾಳೆಯೂ ನಿಂತ ನೀರನ್ನು ಬಹಳ ದಿನ ಸಹಿಸದು. ಆದ್ದರಿಂದ ಈ ಬಳಗದಲ್ಲೂ ಹುಟ್ಟಿನಿಂದಲೇ ತೊರೆಯಂಚು, ಜೌಗುಗಳಲ್ಲಿ ಬದುಕಿ ಬಂದವನ್ನೇ ಆರಿಸಬೇಕು. ಕ್ಯಾನಾ ಮತ್ತು ಸುಗಂಧಿ ಅಂಥವು.

ಮಲೆನಾಡಿನಲ್ಲಿ ಕಾಬಾಳೆ ಎಂದೂ ಕರೆಯುವ ಕ್ಯಾನಾ ಒದ್ದೆಯನ್ನು ತಾಳುತ್ತದೆ ಎಂಬುದಕ್ಕೆ ಬಲವಾದ ಸಾಕ್ಷಿ ಹೂದೋಟದಾಚೆಗಿದೆ. ಕೊಳಚೆ ನೀರನ್ನು ಸಸ್ಯಗಳಿಂದ ಶುದ್ಧಿ ಮಾಡುವ ಕೃತಕ ಜೌಗುಗಳಲ್ಲಿ ಜಗತ್ತಿನ ಎಲ್ಲೆಡೆ ಬಳಸುವ ಗಿಡಗಳಲ್ಲಿ ಇದೂ ಒಂದು. ನಾಗಪುರದ ನೀರಿ ಸಂಸ್ಥೆ ರೂಪಿಸಿದ ಫೈಟೊರಿಡ್ ಪದ್ಧತಿಯಲ್ಲೂ ಇದಕ್ಕೆ ಜಾಗವಿದೆ. ಇದರ ಎಲೆಯ ತೊಟ್ಟಿನಲ್ಲಿ, ಕಾಂಡದಲ್ಲಿ ಗಾಳಿಯ ಪೊಳ್ಳುಗಳಿದ್ದು, ಬೇರಿಗೆ ಮೇಲಿನಿಂದಲೇ ಉಸಿರು ಇಳಿಯುತ್ತದೆ. ಎರಡು ಮೂರು ಅಡಿಯ ಗಿಡ್ಡ ತಳಿಯಿಂದ ಆಳೆತ್ತರದ ತಳಿಯವರೆಗೆ, ಹಳದಿ, ಕೆಂಪು, ಕಿತ್ತಳೆ, ಚುಕ್ಕಿಯ ಬಣ್ಣಗಳಲ್ಲಿ ಸಿಗುತ್ತದೆ. ಬೆಂಗಳೂರಿನ ಹವೆಯಲ್ಲಿ ದಿನಕ್ಕೆ ಐದಾರು ಗಂಟೆ ಬಿಸಿಲು ಬಿದ್ದರೆ ವರ್ಷದ ಬಹುಪಾಲು ಹೂ ಬಿಡುತ್ತದೆ. ಒಂದು ಹೂವನ್ನು ಹತ್ತಿರದಿಂದ ನೋಡಿ. ಎಸಳೆಂದು ನಾವು ತಿಳಿಯುವ ಬಣ್ಣದ ಅಗಲ ಭಾಗಗಳು ನಿಜಕ್ಕೂ ಎಸಳುಗಳಲ್ಲ, ಅಗಲವಾಗಿ ಮಾರ್ಪಟ್ಟ ಕೇಸರಗಳು. ನಿಜವಾದ ಎಸಳುಗಳು ಅವುಗಳ ಹಿಂದೆ ಮೂರು ಸಣ್ಣ ಚೂಪು ಪಟ್ಟಿಗಳಾಗಿ ಅಡಗಿರುತ್ತವೆ. ಬಣ್ಣದ ಆ ಭಾಗಗಳಲ್ಲಿ ಒಂದರ ಅಂಚಿಗೆ ಮಾತ್ರ ಅರ್ಧ ಪರಾಗಕೋಶ ಅಂಟಿಕೊಂಡಿರುತ್ತದೆ. ಒಂದು ಹೂವಿನ ಆಯಸ್ಸು ಸುಮಾರು ಒಂದು ದಿನ. ಆದರೆ ಗೊಂಚಲಿನಲ್ಲಿ ಒಂದರ ಹಿಂದೆ ಒಂದು ಅರಳುತ್ತಲೇ ಹೋಗುವುದರಿಂದ ದಂಡು ಬರಿದಾಗಿ ಕಾಣುವುದಿಲ್ಲ. ಅದರ ಮಕರಂದಕ್ಕೆ ಸೂರಕ್ಕಿಗಳು ಬರುತ್ತವೆ.

ಪಟ್ಟಿ ಎರಡು ಕಟ್ಟಡಗಳ ನಡುವೆ ಸಿಕ್ಕಿಕೊಂಡು ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಕ್ಯಾನಾ ಎಲೆಯನ್ನಷ್ಟೇ ಬೆಳೆಸುತ್ತದೆ. ಅಲ್ಲಿ ಸುಗಂಧಿಯ ಸರದಿ. ಕೆಲವರು ಸುರುಳಿ ಸುಗಂಧಿ ಎನ್ನುವ ಇದು, ಹೂವಿನ ಮಾರುಕಟ್ಟೆಯ ಸುಗಂಧರಾಜಕ್ಕೆ ಹೆಸರಲ್ಲಷ್ಟೇ ಹತ್ತಿರ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಪ್ರಜ್ವಲ್, ಶೃಂಗಾರ್ ಮುಂತಾದ ಒಳ್ಳೆಯ ಸುಗಂಧರಾಜದ ತಳಿಗಳನ್ನು ಕೊಟ್ಟಿದೆ. ಆದರೆ ಅವಕ್ಕೆ ನೀರು ಬಸಿದುಹೋಗುವ ಬಿಸಿಲು ನೆಲವೇ ಬೇಕು, ಒದ್ದೆಯಲ್ಲಿ ಗೆಡ್ಡೆ ಕೊಳೆಯುತ್ತದೆ. ಸುಗಂಧಿ ಶುಂಠಿಯ ಕುಟುಂಬದ್ದು. ಪೂರ್ವ ಹಿಮಾಲಯದ ಕಡೆಯಿಂದ ಬಂದು ಮಲೆನಾಡಿನ ತೊರೆ, ತೋಟದಂಚುಗಳಲ್ಲಿ ನೆಲೆ ನಿಂತಿದೆ. ನಾಲ್ಕೈದು ಅಡಿ ಎತ್ತರದ ದಂಡಿನ ತುದಿಯಲ್ಲಿ ಹಸಿರು ಹೊದಿಕೆಗಳ ಗೊಂಚಲು. ಅದರ ಸಂದುಗಳಿಂದ ಚಿಟ್ಟೆ ರೆಕ್ಕೆ ಬಿಚ್ಚಿದಂಥ ಬಿಳಿ ಹೂ ಸಂಜೆ ಹೊತ್ತಿಗೆ ಹೊರಬರುತ್ತದೆ. ಹೂವಿನ ಕೊಳವೆ ಉದ್ದ. ಮಕರಂದ ಅದರ ತಳದಲ್ಲಿರುವುದರಿಂದ ಉದ್ದ ಸೊಂಡಿಲಿನ ಪತಂಗಗಳು ಇರುಳಲ್ಲಿ ಇದನ್ನು ಹುಡುಕಿಕೊಂಡು ಬರುತ್ತವೆ. ಮಳೆಗಾಲದ ನಡುವೆ ಶುರುವಾದ ಹೂ ದೀಪಾವಳಿಯ ಆಸುಪಾಸಿನವರೆಗೂ ಮುಂದುವರಿಯುವುದುಂಟು.

ಉಳಿದ ಗಿಡಗಳ ವಿಚಾರವನ್ನು ಬೇಗ ಮುಗಿಸಬಹುದು. ಸ್ಪೈಡರ್ ಲಿಲ್ಲಿ ಒದ್ದೆಗೂ ಒಣಗಿಗೂ ಜಗ್ಗದ ಗಟ್ಟಿ ಗಿಡ. ಪಟ್ಟಿಯ ಅಂಚಿಗೆ ಒಳ್ಳೆಯದು. ಹೆಲಿಕೋನಿಯಾ ಚೆಂದವೇ, ಆದರೆ ಮೇಲ್ಮುಖವಾಗಿ ನಿಲ್ಲುವ ಅದರ ದೊನ್ನೆಗಳಲ್ಲಿ ಮಳೆನೀರು ನಿಂತು ಸೊಳ್ಳೆಮರಿಗೆ ತೊಟ್ಟಿಲಾಗುತ್ತದೆ. ಬೇಕೇಬೇಕೆಂದರೆ ಕೆಳಮುಖವಾಗಿ ಜೋಲುವ ತಳಿಯೇ ಲೇಸು. ಕೇದಗೆ ಹೊಳೆದಂಡೆಯ ಗಿಡವಾದರೂ ಅದರ ಮುಳ್ಳು, ಹರಹುಗಳಿಗೆ ಸೈಟಿನಲ್ಲಿ ಜಾಗವಿಲ್ಲ.

ಇನ್ನು ಆಕ್ಷೇಪಗಳು. ಮೊದಲನೆಯದು, ಮಣ್ಣನ್ನೇ ಸರಿಪಡಿಸಿ ಮಲ್ಲಿಗೆ ನೆಡಬಾರದೇ ಎಂಬುದು. ಖಂಡಿತ ಮಾಡಬಹುದು. ಒಂದಡಿ ಎತ್ತರಕ್ಕೆ ಮಡಿ ಏರಿಸಿ, ಮರಳು ಗೊಬ್ಬರ ಬೆರೆಸಿದರೆ ಮೇಲಿನ ಬೇರುಗಳಿಗೆ ಗಾಳಿ ಸಿಗುತ್ತದೆ. ಆದರೆ ಎರಡಡಿಯ ಪಟ್ಟಿಯಲ್ಲಿ ಮಡಿ ಏರಿಸಿದರೆ ಆ ಹಸಿಮಣ್ಣು ಒಂದು ಕಡೆ ಕಾಂಪೌಂಡಿಗೆ, ಇನ್ನೊಂದು ಕಡೆ ಮನೆಯ ಗೋಡೆಗೆ ಒರಗುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಒಳಗಡೆ ಬಣ್ಣ ಹೊಪ್ಪಳಿಸಿ ಏಳುತ್ತದೆ. ಭರ್ತಿಮಣ್ಣನ್ನು ಅಗೆದು ಹೊರಹಾಕಲು ಕೂಲಿ, ಟ್ರ್ಯಾಕ್ಟರು ಎಂದು ಖರ್ಚೂ ಇದೆ. ಮಲ್ಲಿಗೆ ತಾರಸಿಯ ಕುಂಡದಲ್ಲಿ, ಬಿಸಿಲಿನಲ್ಲಿ ಚೆನ್ನಾಗಿ ಬರುತ್ತದೆ. ಒಣಜಾಗದ ಗಿಡವನ್ನು ಒಣಜಾಗಕ್ಕೆ ಕಳಿಸಿ, ಹಸಿಜಾಗಕ್ಕೆ ಹಸಿಗಿಡ ತರುವುದೇ ಕಡಿಮೆ ಖರ್ಚಿನ ದಾರಿ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ನೀರಿಗೆ ಪರದಾಡುವ ಊರಿನಲ್ಲಿ ನೀರು ಕುಡಿಯುವ ಗಿಡ ಬೆಳೆಸುವುದು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ ಆಗುವುದಿಲ್ಲವೇ? 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಅದನ್ನು ಮರೆಯುವಂತಿಲ್ಲ. ಆದರೆ ಇಲ್ಲಿ ಹೇಳುತ್ತಿರುವುದು ಗಿಡಕ್ಕಾಗಿ ನೀರು ತರುವ ಮಾತಲ್ಲ. ಹೇಗೂ ಬೀಳುತ್ತಿರುವ ನೀರಿಗೆ ಗಿಡ ಹುಡುಕುವ ಮಾತು. ಒಣಜಾಗದಲ್ಲಿ ಕ್ಯಾನಾ ನೆಟ್ಟು ದಿನವೂ ಪೈಪು ಹಿಡಿಯುವುದು ದುಂದು. ತಾರಸಿಯ ನೀರು ಇಳಿಯುವಲ್ಲಿ ಅದನ್ನೇ ನೆಟ್ಟರೆ ಮಳೆಗಾಲವಿಡೀ ಕೈಯಿಂದ ಒಂದು ಚೊಂಬು ನೀರೂ ಬೇಡ. ಬೇಸಿಗೆಯಲ್ಲಿ ನೀರು ಕೊಡಲಾಗದಿದ್ದರೆ ದಂಡುಗಳನ್ನು ನೆಲಮಟ್ಟಕ್ಕೆ ಕತ್ತರಿಸಿ, ಒಣಎಲೆ ಮುಚ್ಚಿ ಬಿಟ್ಟುಬಿಡಿ. ಗೆಡ್ಡೆ ಸುಮ್ಮನೆ ಕಾದಿದ್ದು ಮುಂಗಾರಿಗೆ ಮತ್ತೆ ಚಿಗುರುತ್ತದೆ. ವರ್ಷವರ್ಷವೂ ಸಸಿ ಹಾಕಿ, ಬೇರೂರುವವರೆಗೆ ನೀರುಣಿಸಬೇಕಾದ ಚೆಂಡುಹೂವಿಗಿಂತ ಬಹುವಾರ್ಷಿಕ ಹೆಚ್ಚು ಮಿತವ್ಯಯದ್ದು ಎನ್ನಲು ಇದೇ ಕಾರಣ. ಸ್ನಾನದ, ಬಟ್ಟೆ ಒಗೆದ ನೀರನ್ನು ಗಿಡದತ್ತ ತಿರುಗಿಸುವವರು ಒಂದು ಎಚ್ಚರ ವಹಿಸಬೇಕು. ವಾಷಿಂಗ್ ಮೆಷಿನ್ನಿನ ಸೋಪಿನ ನೀರಿನಲ್ಲಿರುವ ಸೋಡಿಯಂ ಕೆಂಪುಮಣ್ಣಿನ ರಚನೆಯನ್ನು ಕೆಡಿಸಿ ಗಟ್ಟಿ ಮಾಡುತ್ತದೆ. ಕೊನೆಯ ಜಾಲಿಸಿದ ನೀರು ಪರವಾಗಿಲ್ಲ, ಮೊದಲನೆಯದು ಬೇಡ. ಕುಡಿಯುವ ನೀರಿನ ಫಿಲ್ಟರಿನ ವೇಸ್ಟ್ ನೀರಿನಲ್ಲೂ ಲವಣ ಹೆಚ್ಚು, ಅದನ್ನೊಂದನ್ನೇ ನೆಚ್ಚಬಾರದು.

ಮೂರನೆಯದು ಸೊಳ್ಳೆ, ಹಾವುಗಳ ಭಯ. ಡೆಂಗ್ಯೂ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ವಾರ ಹತ್ತು ದಿನ ತೆರೆದು ನಿಂತ ನೀರು ಬೇಕು. ಅದಕ್ಕೆ ತೆಂಗಿನ ಚಿಪ್ಪು, ಕುಂಡದ ತಟ್ಟೆ, ಮುಚ್ಚಳವಿಲ್ಲದ ಡ್ರಮ್ಮು ಸಾಕು. ಮೇಲೆ ನೀರು ನಿಲ್ಲದ ಹಸಿಮಣ್ಣಿನಲ್ಲಿ ಅದು ಬೆಳೆಯುವುದಿಲ್ಲ. ಕೆಸರಿನ ಮೇಲೆ ಕೊಚ್ಚೆ ನಿಲ್ಲುತ್ತಿದ್ದ ಜಾಗದಲ್ಲಿ ಗಿಡ ಬೆಳೆದು ನೀರು ಹೀರಿಕೊಂಡರೆ ಸೊಳ್ಳೆ ಕಡಿಮೆಯಾಗುವ ಸಂಭವವೇ ಹೆಚ್ಚು. ಹಾವು ಗಿಡದ ಚೆಂದಕ್ಕೆ ಬರುವುದಿಲ್ಲ, ಇಲಿ ಹುಡುಕಿಕೊಂಡು ಬರುತ್ತದೆ. ಗಿಡ ಚಿಗುರಿದ ಮೇಲೆ ಹಳೆಯ ದಂಡು, ಒಣಗಿದ ಎಲೆಗಳನ್ನು ತೆಗೆದು ಬುಡ ಕಾಣುವಂತೆ ಇಟ್ಟುಕೊಂಡರೆ ಅದಕ್ಕೆ ಮರೆ ಸಿಗುವುದಿಲ್ಲ. ಮಳೆಗಾಲದಲ್ಲಿ ನಿಜವಾದ ಕಾಟ ಆಫ್ರಿಕದ ದೊಡ್ಡ ಬಸವನಹುಳುವಿನದು. ಎಲೆಯಲ್ಲಿ ತೂತು ಕಂಡರೆ ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೆಕ್ಕುವುದೇ ಮದ್ದು, ಬರಿಗೈಯಲ್ಲಿ ಮುಟ್ಟಬಾರದು. ಸುಗಂಧಿಯ ಎಲೆ ಮಡಚಿ ಸುತ್ತಿಕೊಂಡಿದ್ದರೆ ಒಳಗೆ ಗ್ರಾಸ್ ಡೆಮನ್ ಎಂಬ ಪಾತರಗಿತ್ತಿಯ ಮರಿಹುಳು ಇರಬಹುದು. ನಾಲ್ಕು ಎಲೆ ಅದಕ್ಕೆ ಬಿಟ್ಟರೆ ಗಿಡಕ್ಕೇನೂ ನಷ್ಟವಿಲ್ಲ.

ಪರಿಸರದ ಕಾಳಜಿಯುಳ್ಳವರು ಕೇಳುವ ಪ್ರಶ್ನೆ ಇನ್ನೊಂದು: ಕ್ಯಾನಾ ಅಮೆರಿಕ ಖಂಡದ್ದು, ಸುಗಂಧಿ ಬ್ರೆಜಿಲ್, ಹವಾಯಿಗಳಲ್ಲಿ ಕಾಡು ನುಗ್ಗಿ ಉಪದ್ರವವಾಗಿದೆ; ಇಂಥವನ್ನು ಹರಡಬಹುದೇ? ಈ ಮಾತನ್ನು ತಳ್ಳಿಹಾಕಲಾಗದು. ತೊರೆಯ ದಂಡೆಯಲ್ಲಿ, ಕೆರೆಯಂಗಳದಲ್ಲಿ, ಕಾಡಿನಂಚಿನಲ್ಲಿ ಇವನ್ನು ನೆಡಲೇಬಾರದು. ಸುತ್ತ ಗೋಡೆ, ರಸ್ತೆ ಇರುವ ಪಟ್ಟಿಯೊಳಗೆ ಇವು ದಾಟಿಹೋಗುವ ದಾರಿ ಒಂದೇ: ಹೆಚ್ಚಾದ ಗೆಡ್ಡೆಯನ್ನು ನಾವೇ ರಾಜಕಾಲುವೆಗೆ ಎಸೆಯುವುದು. ಅಲ್ಲಿಂದ ವೃಷಭಾವತಿಗೆ ಸೇರಿದ ಗೆಡ್ಡೆಯ ತುಂಡು ಎಲ್ಲೋ ದಡ ಹತ್ತಿ ಬೇರೂರಬಲ್ಲದು. ಗೆಡ್ಡೆಯನ್ನು ಚೂರು ಮಾಡಿ ಬಿಸಿಲಲ್ಲಿ ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕು, ಇಲ್ಲವೇ ಕೇಳಿದವರಿಗೆ ಕೊಡಬೇಕು. ಕ್ಯಾನಾದಲ್ಲಿ ಬೀಜ ಕಟ್ಟುವ ಕಾಡುತಳಿಗಿಂತ ದೊಡ್ಡ ಹೂವಿನ ಮಿಶ್ರತಳಿ ಆರಿಸಿ, ಬಾಡಿದ ಗೊಂಚಲನ್ನು ಕಾಯಿ ಕಟ್ಟುವ ಮುನ್ನವೇ ಕತ್ತರಿಸಿದರೆ ಹಕ್ಕಿ, ಮಳೆನೀರಿನಿಂದ ಬೀಜ ಹರಡುವ ಚಿಂತೆಯೂ ತಪ್ಪುತ್ತದೆ.

ಕೊನೆಯ ತಕರಾರು ಮನೆಯೊಳಗಿನದು: ಮುಡಿಗಾಗದ, ಮಾಲೆಗಾಗದ ಹೂ ಏಕೆ? ಕ್ಯಾನಾದ ಮಟ್ಟಿಗೆ ಇದು ನಿಜ. ಕಿತ್ತ ಹೂ ಗಳಿಗೆಯಲ್ಲಿ ಮುದುಡುತ್ತದೆ, ಗಿಡದಲ್ಲೇ ಅದಕ್ಕೆ ಶೋಭೆ. ಸುಗಂಧಿ ಈ ತಕರಾರಿಗೆ ತಾನೇ ಉತ್ತರ. ಸಂಜೆ ಬಿಡಿಸಿದ ಹೂ ರಾತ್ರಿಯಿಡೀ ಪರಿಮಳ ಬೀರುತ್ತದೆ. ಮುಡಿಯಲು, ದೇವರಿಗೆ ಏರಿಸಲು ಎರಡಕ್ಕೂ ಸಲ್ಲುತ್ತದೆ.

ನೆಡುವುದಕ್ಕೆ ಜೂನ್ ಸರಿಯಾದ ಕಾಲ. ಲಾಲ್‌ಬಾಗಿನೊಳಗಿನ ನರ್ಸರಿಯವರ ಸಹಕಾರ ಸಂಘದಲ್ಲಿ ಗಿಡ ವಿಚಾರಿಸಬಹುದು. ಆದರೆ ಗೆಡ್ಡೆಯ ಗಿಡಗಳನ್ನು ನೆರೆಮನೆಯವರಲ್ಲಿ ಕೇಳಿ ತರುವುದೇ ಸುಲಭ. ಎರಡು ಮೂರು ಕಣ್ಣಿರುವ, ಒತ್ತಿದರೆ ಗಟ್ಟಿಯಾಗಿರುವ ತುಂಡನ್ನು ಆರಿಸಿ. ಎಲೆಯಲ್ಲಿ ಹಳದಿ ಗೆರೆ, ಮಚ್ಚೆಗಳಿದ್ದ ಕ್ಯಾನಾದ ಗೆಡ್ಡೆ ತರಬೇಡಿ. ಅದು ವೈರಸ್ ಇರಬಹುದು, ಗೆಡ್ಡೆಯೊಡನೆಯೇ ಬರುತ್ತದೆ. ಮನೆಯ ಗೋಡೆಯಿಂದ ಆದಷ್ಟು ದೂರ, ಕಾಂಪೌಂಡಿನ ಕಡೆಗೆ, ಮೂರು ನಾಲ್ಕು ಅಂಗುಲ ಆಳದಲ್ಲಿ, ಗಿಡದಿಂದ ಗಿಡಕ್ಕೆ ಒಂದೂವರೆ ಎರಡು ಅಡಿ ಬಿಟ್ಟು ಮಲಗಿಸಿ ನೆಡಿ. ಗುಂಡಿಯಲ್ಲಿನ ಸಿಮೆಂಟಿನ ಚೂರುಗಳನ್ನು ಆರಿಸಿ ತೆಗೆದು ಕೊಟ್ಟಿಗೆ ಗೊಬ್ಬರವನ್ನೋ ಅಡುಗೆಮನೆಯ ಕಾಂಪೋಸ್ಟನ್ನೋ ಬೆರೆಸಿದರೆ ಸಾಕು. ಬಾಳೆಯಂತೆ ಇಲ್ಲೂ ಒಂದು ದಂಡಿಗೆ ಒಂದೇ ಬೆಳೆ: ಹೂ ಮುಗಿದ ದಂಡನ್ನು ಬುಡಕ್ಕೆ ಕತ್ತರಿಸಿದರೆ ಪಕ್ಕದ ಮರಿಗೆ ಶಕ್ತಿ ಹೋಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಬುಡ ಕಿತ್ತು ಹಂಚಿ ನೆಡದಿದ್ದರೆ ಗೆಡ್ಡೆಗಳು ಒಂದರ ಮೇಲೊಂದು ಏರಿ ಹೂ ಕಡಿಮೆಯಾಗುತ್ತದೆ.

ಹೀಗೆ ನೋಡಿದರೆ ಆಯ್ಕೆ ಮೂರು ಪ್ರಶ್ನೆಗಳಿಗೆ ಇಳಿಯುತ್ತದೆ. ನೀರು ಇಂಗುತ್ತದೋ ನಿಲ್ಲುತ್ತದೋ, ಯಾವ ತಿಂಗಳಲ್ಲಿ ಬರುತ್ತದೆ, ಬಿಸಿಲು ಎಷ್ಟು ಹೊತ್ತು ಬೀಳುತ್ತದೆ. ಇವಕ್ಕೆ ಉತ್ತರ ಕಂಡುಕೊಳ್ಳದೆ ನರ್ಸರಿಯಲ್ಲಿ ಕಣ್ಣಿಗೆ ಚೆಂದ ಕಂಡ ಗಿಡ ತಂದವರು ವರ್ಷವರ್ಷವೂ ಹೊಸ ಗಿಡಕ್ಕೆ ದುಡ್ಡು ಸುರಿಯುತ್ತಾರೆ, ಕೊನೆಗೆ ಕಾಂಕ್ರೀಟಿಗೂ ಸುರಿಯುತ್ತಾರೆ. ಆ ಕಾಂಕ್ರೀಟಿನ ಮೇಲೆ ಬಿದ್ದ ನೀರು ಗೇಟಿನಾಚೆಗೆ ಹರಿದು, ತಗ್ಗಿನಲ್ಲಿರುವ ಇನ್ನೊಬ್ಬರ ಮನೆ ಬಾಗಿಲಿಗೆ ನಿಲ್ಲುತ್ತದೆ. ಎರಡಡಿ ಮಣ್ಣನ್ನು ಮಣ್ಣಾಗಿಯೇ ಉಳಿಸಿ ಅದಕ್ಕೆ ತಕ್ಕ ಗೆಡ್ಡೆ ಹೂಳುವುದು ಅದಕ್ಕಿಂತ ಅಗ್ಗ. ಮೂಲೆಗೊಂದು ಹೂವೂ ಸಿಗುತ್ತದೆ, ಬಿದ್ದ ಮಳೆ ಬಿದ್ದಲ್ಲೇ ಇಂಗುತ್ತದೆ.